ತಪಾಸಣೆ ಆಗುವ ತನಕ ಗುಳಿಗೆ ಬಂದ್

ಕುರ್ಚಿಯಲ್ಲಿ ಕೂತವನು ನನ್ನ ಮುಖವನ್ನು ಒಮ್ಮೆ ಮಾತ್ರ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿದವನು ಹಾಗೇ ಉಳಿದ. ವಯಸ್ಸು ಮೂವತ್ತೈದರ ಆಸುಪಾಸು. ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಸಿಕ್ಕಿಕೊಂಡಿದ್ದವು. ಪಕ್ಕದಲ್ಲಿ ನಿಂತಿದ್ದ ಅವನ ತಾಯಿ, "ನೋಡ್ರಿ, ಹಿಂಗ ಇರ್ತಾನ್ರಿ. ಯಾವಾಗ್ಲೂ ಹಿಂಗ," ಎಂದಳು. ಇನ್ನೂ ನಾವು ಏನನ್ನೂ ಕೇಳಿರಲಿಲ್ಲ.

ಮಹಾರಾಷ್ಟ್ರದ ಮಗ್ಗಗಳ ಊರು ಇಚಲಕರಂಜಿಯ ಆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನಮ್ಮ ತಂಡ ವಾರಕ್ಕೊಂದು ದಿನ ಕೂರುತ್ತಿತ್ತು. ಮನೋರೋಗದಿಂದ ಅಂಗವಿಕಲರಾಗಿದ್ದೇವೆಂದು ಪ್ರಮಾಣಪತ್ರ ಕೇಳಿ ಬಂದವರನ್ನು ನೋಡಿ, ಎಷ್ಟು ಪ್ರತಿಶತ ಎಂದು ನಿರ್ಧರಿಸುವ ಕೆಲಸ. ತಂಡವೆಂದರೆ ಇಬ್ಬರೇ. ಕೊಲ್ಹಾಪುರದಿಂದ ಬರುತ್ತಿದ್ದ ಮನೋವೈದ್ಯರು ಒಬ್ಬರು. ಗುತ್ತಿಗೆಯ ಮೇಲಿದ್ದ ಸಮಾಜ ಕಾರ್ಯಕರ್ತೆ ನಾನು ಇನ್ನೊಬ್ಬಳು. ರೋಗಿಯನ್ನೂ ಮನೆಯವರನ್ನೂ ಮಾತಾಡಿಸಿ ನಾನು ಅಂಕ ಹಾಕಬೇಕು. ಡಾಕ್ಟರು ಪರೀಕ್ಷಿಸಿ ಒಪ್ಪಬೇಕು, ಇಲ್ಲವೇ ತಿದ್ದಬೇಕು. ಸಹಿ ಅವರದು. ನೋಡುವ ವಿಷಯಗಳು ನಾಲ್ಕು: ತನ್ನ ಮೈಯನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಬೇರೆ ಅಂಕ. ಎಲ್ಲ ಕೂಡಿ ಏಳಾದರೆ ನಲವತ್ತು ಪ್ರತಿಶತ ಮುಟ್ಟಿದ ಹಾಗೆ. ಆಗ ನಿರಾಧಾರರಿಗೆ ಸರ್ಕಾರ ಕೊಡುವ ತಿಂಗಳ ಹಣ ಸಿಗುತ್ತದೆ. ಜನ ಅದನ್ನು ಪಗಾರ ಎಂದೇ ಕರೆಯುತ್ತಾರೆ. ಆರು ಬಂದರೆ ಏನೂ ಇಲ್ಲ.

ಇವನಿಗೆ ಹಿಂದಿನ ಸಲ ಆರು ಬಂದಿತ್ತು. ಅದು ಬೇರೆ ತಂಡ, ಬೇರೆ ಕಡೆ. ಅದಕ್ಕೂ ಮುಂಚೆ ಅವನಿಗೆ ಪ್ರಮಾಣಪತ್ರವಿತ್ತು. ಅವಧಿ ಮುಗಿದು ಹೊಸದಕ್ಕೆ ಹೋದಾಗ ಸುಧಾರಣೆ ಕಂಡಿದೆ ಎಂದು ಬರೆದು ಕಳಿಸಿದ್ದರು. ಪಗಾರ ನಿಂತಿತ್ತು. ಈಗ ಮತ್ತೆ ಅರ್ಜಿ ಹಾಕಿದ್ದರು.

ಡಾಕ್ಟರು ಮರಾಠಿಯಲ್ಲಿ ಹೆಸರು ಕೇಳಿದರು, ಊರು ಕೇಳಿದರು, ಇವತ್ತು ಯಾವ ವಾರ ಎಂದರು. ಉತ್ತರವಿಲ್ಲ. ಅವರು ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ, "ನಾಟಕ್ ಆಹೇ," ಎಂದರು, ನಾಟಕ ಅಂತ.

ಅವರು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಗೇಟಿನ ಹೊರಗೆ ಚಹಾದ ಗಾಡಿಯ ಹತ್ತಿರ ಒಬ್ಬ ಏಜೆಂಟ್ ಕೂರುತ್ತಿದ್ದ. ಅರ್ಜಿ ತುಂಬಿಕೊಡುವುದರ ಜೊತೆಗೆ ಒಳಗೆ ಹೇಗೆ ಬರಬೇಕು ಎಂಬುದನ್ನೂ ಹೇಳಿಕೊಡುತ್ತಿದ್ದ. ಗಡ್ಡ ಬಿಟ್ಟು ಬನ್ನಿ, ಹೆಸರು ಕೇಳಿದರೆ ಸುಮ್ಮನಿರಿ, ಮನೆಯವರೇ ಮಾತಾಡಲಿ. ಸುಳ್ಳು ಪ್ರಮಾಣಪತ್ರಗಳನ್ನು ಹುಡುಕಿ ತೆಗೆಯುತ್ತಾರೆ, ಸಹಿ ಮಾಡಿದವರನ್ನೂ ಬಿಡುವುದಿಲ್ಲ ಎಂಬ ಮಾತು ಆಗ ಎಲ್ಲ ಆಸ್ಪತ್ರೆಗಳಲ್ಲೂ ಓಡಾಡುತ್ತಿತ್ತು. ಡಾಕ್ಟರು ಕೆಟ್ಟವರಲ್ಲ, ಅವಸರದವರೂ ಅಲ್ಲ. ಆದರೆ ಒಂದೊಂದು ಸಹಿಗೂ ಮುಂಚೆ ಪೆನ್ನನ್ನು ಒಂದು ಗಳಿಗೆ ಮೇಲೇ ಹಿಡಿದು ನಿಲ್ಲಿಸುವ ಅಭ್ಯಾಸ ಅವರಿಗೆ ಆ ತಿಂಗಳುಗಳಲ್ಲಿ ಹತ್ತಿತ್ತು.

ನಾನು ಮಾತ್ರ ಆ ಮನುಷ್ಯನನ್ನು ನೋಡುತ್ತಲೇ ಇದ್ದೆ. ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು, ಆದರೂ ಅವನ ಹಣೆ, ಕುತ್ತಿಗೆ ಬೆವರುತ್ತಿದ್ದವು. ಎರಡೂ ಕಿವಿಯಲ್ಲಿ ಬಿಳಿ ನೂಲನ್ನು ಉಂಡೆ ಮಾಡಿ ತುರುಕಿಕೊಂಡಿದ್ದ. ತುಟಿ ಆಗಾಗ ಅಲುಗುತ್ತಿತ್ತು, ಯಾರಿಗೋ ಉತ್ತರ ಕೊಡುವವರ ಹಾಗೆ. ಆದರೆ ಆ ಉತ್ತರ ನಮ್ಮ ಪ್ರಶ್ನೆಗಲ್ಲ. ನಟಿಸುವವರು ನಮ್ಮನ್ನು ನೋಡುತ್ತಾರೆ. ನಂಬಿದೆವೋ ಇಲ್ಲವೋ ಎಂದು ಓರೆಗಣ್ಣಲ್ಲಾದರೂ ನೋಡುತ್ತಾರೆ. ಇವನಿಗೆ ನಾವು ಅಲ್ಲಿ ಇದ್ದೇವೆ ಎಂಬುದೇ ಮುಖ್ಯವಾಗಿರಲಿಲ್ಲ.

"ಸ್ವಲ್ಪ ಹೊತ್ತು ನಾನೊಬ್ಬಳೇ ಮಾತಾಡುತ್ತೇನೆ," ಎಂದೆ ಡಾಕ್ಟರಿಗೆ. ತಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿ, ಅವನನ್ನು ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದೆ.

ನನ್ನದು ಕರ್ನಾಟಕದ ಗಡಿಗೆ ಹತ್ತಿರದ ಗಡಹಿಂಗ್ಲಜ. ಮನೆಮಾತು ಕನ್ನಡ. ಅವನ ತಾಯಿ ಮಾತಾಡಿದ ರೀತಿಯಿಂದಲೇ ಆ ಕಡೆಯವರೆಂದು ಗೊತ್ತಾಗಿತ್ತು. ಮರಾಠಿ ಬಿಟ್ಟು ಕನ್ನಡದಲ್ಲಿ ಕೇಳಿದೆ.

"ತಮ್ಮಾ, ಕಿವ್ಯಾಗ ಅದೇನ ಹಾಕ್ಕೊಂಡೀರಿ?"

ಕಿವಿ ಮುಟ್ಟಿಕೊಂಡು, "ನೂಲ," ಎಂದ.

"ಯಾಕ?"

"ಮಾಗ ಮಾತಾಡಾಕತ್ತಾವ್ರಿ."

ಮಾಗ ಎಂದರೆ ಮಗ್ಗ. ಅವರ ಮನೆಯ ಸುತ್ತ ಅವೇ ಇರಬೇಕು ಎಂದುಕೊಂಡೆ. "ಏನಂತಾವ?"

"ಹೆಸರ ಹಿಡದ ಕರೀತಾವ. ಗಾಡಿ ಬರೂ ಹೊತ್ತಾತು, ಏಳ ಅಂತಾವ."

"ಯಾವ ಗಾಡಿ?"

ಅವನು ಹೇಳಲಿಲ್ಲ. "ಯಾವಾಗಿಂದ ಮಾತಾಡಾಕತ್ತಾವ?" ಎಂದು ಕೇಳಿದೆ.

"ಗುಳಗಿ ಬಂದ್ ಆದಾಗಿಂದ."

"ಯಾರ ಬಂದ್ ಮಾಡಿದ್ರು?"

"ಅವ್ವ. ತಪಾಸಣಿ ಆಗೂತನಾ ಗುಳಗಿ ಬಂದ್ ಅಂದಾಳ್ರಿ. ಆದಮ್ಯಾಲ ಕೊಡ್ತಾಳ." ಶಾಲೆಗೆ ನಾಳೆ ರಜೆ ಎಂದು ಹೇಳಿದಷ್ಟು ಸಹಜವಾಗಿ ಹೇಳಿದ.

ಅವರು ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಚೀಟಿಗಳಿದ್ದವು. ಗುಳಿಗೆಯ ಹೆಸರು ಹುಡುಕಿ ಓದಿದೆ. ಕ್ಲೋಜಾಪಿನ್. ಬೇರೆ ಯಾವ ಔಷಧಿಗೂ ಬಗ್ಗದ ರೋಗಕ್ಕೆ ಕೊಡುವ ಗುಳಿಗೆ ಅದು. ತಿಂಗಳು ತಿಂಗಳು ರಕ್ತ ತಪಾಸಣೆ ಮಾಡಿಸುತ್ತಲೇ ಕೊಡಬೇಕು. ಒಮ್ಮೆಲೇ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಎದ್ದು ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಎರಡು ದಿನ ತಪ್ಪಿದರೂ ಸಾಕು, ಹಿಂದಿನ ಪ್ರಮಾಣವನ್ನು ಮತ್ತೆ ಕೊಡುವ ಹಾಗಿಲ್ಲ. ಮೈ ಅದರ ರೂಢಿ ಮರೆತಿರುತ್ತದೆ. ಅತಿ ಚಿಕ್ಕ ಗುಳಿಗೆಯ ಅರ್ಧದಿಂದ ಶುರು ಮಾಡಿ ಮೆಲ್ಲಗೆ ಏರಿಸಬೇಕು. ಇಲ್ಲವಾದರೆ ರಕ್ತದೊತ್ತಡ ಕುಸಿದು ಮನುಷ್ಯ ನಿಂತಲ್ಲೇ ಬೀಳುತ್ತಾನೆ, ಫಿಟ್ಸ್ ಬರಬಹುದು, ಎದೆಬಡಿತವೇ ನಿಲ್ಲಬಹುದು.

ಅವನನ್ನು ತಾಯಿಯ ಹತ್ತಿರ ಕೂರಿಸಿ, "ಗುಳಗಿ ಬಂದ್ ಮಾಡೀರೇನ್ರಿ ಅವ್ವಾರ?" ಎಂದೆ.

ಅವಳು ಚೀಲವನ್ನು ತನ್ನ ಕಡೆ ಎಳೆದುಕೊಂಡಳು. "ಇಲ್ರಿ ಅಕ್ಕಾರ. ದಿನಾ ಕೊಡ್ತೇನಿ. ಅಂವಗೇನ ತಿಳೀತೈತ್ರಿ, ಏನರೆ ಅಂತಾನ."

"ಇಲ್ಲೇ ಕುಂದರ್ರಿ. ಎಲ್ಲೂ ಹೋಗಬ್ಯಾಡ್ರಿ. ಡಾಕ್ಟರ ಹಂತೇಲಿ ಮಾತಾಡಿ ಬರ್ತೇನಿ."

ಒಳಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದರೆ ನಾಟಕವಲ್ಲ. ಇದು ಇನ್ನೂ ಕೆಟ್ಟದ್ದು," ಎಂದರು. ಅವರ ಮಾತೆಲ್ಲ ಮರಾಠಿಯಲ್ಲೇ. "ಈಗ ನಾನು ಯಾವುದಕ್ಕೆ ಅಂಕ ಹಾಕಲಿ? ಇವತ್ತು ಅವನು ಇರುವ ಸ್ಥಿತಿ ಅವನ ಸ್ಥಿತಿಯಲ್ಲ, ತಾಯಿ ಮಾಡಿದ್ದು. ಗುಳಿಗೆ ತಗೊಂಡಾಗ ಅವನಿಗೆ ಆರು. ಆರಕ್ಕೆ ಏನೂ ಇಲ್ಲ. ಇವತ್ತು ಹದಿನಾಲ್ಕು ಬರುತ್ತದೆ. ಹದಿನಾಲ್ಕು ಕೊಟ್ಟರೆ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಏನು ಕಲಿಸಿದ ಹಾಗಾಯಿತು? ಮುಂದಿನ ವಾರ ಇಡೀ ಓಣಿಯ ಗುಳಿಗೆ ನಿಲ್ಲುತ್ತವೆ."

"ಕಳೆದ ಎರಡು ವರ್ಷದಲ್ಲಿ ಎಷ್ಟು ಕಾಲ ರೋಗ ಜೋರಿತ್ತು ಎಂದು ನೋಡಲು ನಿಯಮದಲ್ಲೇ ಇದೆ. ಒಂದು ದಿನ ನೋಡಿ ನಿರ್ಧರಿಸಬೇಕೆಂದೇನೂ ಇಲ್ಲ," ಎಂದೆ.

"ಆ ಕಾಲದಲ್ಲಿ ಎಷ್ಟು ರೋಗದ್ದು, ಎಷ್ಟು ತಪಾಸಣೆಯದ್ದು? ಹೇಗೆ ಬೇರ್ಪಡಿಸುತ್ತೀರಿ?" ಎಂದು ಎದ್ದರು. "ಅಂಕ ಇರಲಿ. ಮೊದಲು ಅವನನ್ನು ಇವತ್ತೇ ದಾಖಲು ಮಾಡಿಕೊಳ್ಳೋಣ. ಅರ್ಧ ಗುಳಿಗೆಯಿಂದ ಶುರು. ತಾಯಿಯನ್ನು ಕರೆಯಿರಿ."

ಹೊರಗೆ ಬಂದರೆ ಬೆಂಚಿನ ಮೇಲೆ ಅವರಿಬ್ಬರೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಆ ಅವ್ವ ಮಗನ ಕೈ ಹಿಡಕೊಂಡ ಬರಾಬರಾ ಇಳದ ಹೋದ್ಳು ನೋಡ್ರಿ," ಎಂದಳು.

ಅವನ ಮಾತು ಆಗ ನೆನಪಾಯಿತು. ಆದಮ್ಯಾಲ ಕೊಡ್ತಾಳ. ಅವಳ ಲೆಕ್ಕದಲ್ಲಿ ತಪಾಸಣೆ ಮುಗಿದಿತ್ತು.

ಅರ್ಜಿಯಲ್ಲಿದ್ದ ಫೋನ್ ನಂಬರಿಗೆ ಹಚ್ಚಿದೆ. ಎತ್ತಿಕೊಂಡವನು ಗೇಟಿನ ಹೊರಗಿನ ಏಜೆಂಟ್. ತಾನು ತುಂಬಿದ ಅರ್ಜಿಗಳಿಗೆಲ್ಲ ತನ್ನದೇ ನಂಬರ್ ಬರೆಯುತ್ತಿದ್ದ. "ನಾ ಬರೇ ಅರ್ಜಿ ತುಂಬಾಂವ ಮೇಡಂ. ಅವರ ಮನಿ ನನಗೇನ ಗೊತ್ರಿ," ಎಂದು ಇಟ್ಟುಬಿಟ್ಟ. ವಿಳಾಸದಲ್ಲಿ ಶಹಾಪುರ ಎಂದಿತ್ತು, ಒಂದು ಮಗ್ಗದ ಕಾರ್ಖಾನೆಯ ಹಿಂದೆ. ಡಾಕ್ಟರು ಬೆಂಚಿನ ಸಾಲು ನೋಡಿ, ನನ್ನನ್ನು ನೋಡಿದರು. "ನೀವು ಹೋಗಿ. ಗುಳಿಗೆ ಕೊಟ್ಟಿರದಿದ್ದರೆ ಕೊಡಬೇಡಿ ಎನ್ನಿ. ಕೊಟ್ಟಿದ್ದರೆ ಅವನನ್ನು ಎಬ್ಬಿಸಬೇಡಿ. ಮಲಗಿಸಿಯೇ ಕರೆತನ್ನಿ."

ರಿಕ್ಷಾದಲ್ಲಿ ಕೂತು ಶಹಾಪುರಕ್ಕೆ ಹೋದೆ. ಅಲ್ಲಿ ಓಣಿ ಓಣಿಗೂ ಮಗ್ಗಗಳ ಸದ್ದು. ಒಂದು ಕಾರ್ಖಾನೆಯ ಸದ್ದು ಮುಗಿಯುವ ಮುಂಚೆಯೇ ಇನ್ನೊಂದರದು ಶುರುವಾಗುತ್ತದೆ. ಆ ಖಟಾಖಟ್ ಖಟಾಖಟ್ ಗೋಡೆಯಿಂದ ಕಾಲಿಗೆ ಇಳಿಯುತ್ತದೆ. ನಡೆಯುತ್ತ ಹೋದಂತೆ ಅದರಲ್ಲಿ ನನಗೂ ಒಂದು ಲಯ ಕೇಳತೊಡಗಿತು. ಲಯವಿದ್ದಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು? ಅವನು ಹಗಲೂ ರಾತ್ರಿ ಇದರ ನಡುವೆ ಗುಳಿಗೆ ಇಲ್ಲದೆ ಇದ್ದ. ಯಾರನ್ನು ಕೇಳಿದರೂ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕಿತ್ತು. ಇಬ್ಬರು ಬೇರೆ ಬೇರೆ ದಿಕ್ಕು ತೋರಿಸಿದರು. ಮೂರನೆಯವರು, "ಕಾಂಡಿ ಮಶೀನಿನ ಮ್ಯಾಲ ಇರ್ತಾಳಲ್ರಿ, ಆ ಹುಚ್ಚನ ತಾಯಿ?" ಎಂದು ಕಾರ್ಖಾನೆಯ ಹಿಂಬಾಗಿಲು ತೋರಿಸಿದರು.

ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆಗಳಿಗೆ ಅಲ್ಲಿ ಕಾಂಡಿ ಎನ್ನುತ್ತಾರೆ. ಅವುಗಳಿಗೆ ನೂಲು ಸುತ್ತುವ ಯಂತ್ರದ ಮುಂದೆ ಅವಳು ನಿಂತಿದ್ದಳು. ಆಸ್ಪತ್ರೆಯಿಂದ ಬಂದವಳೇ ಕೆಲಸಕ್ಕೆ ನಿಂತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ಗುಳಗಿ ಕೊಟ್ರೇನ್ರಿ?" ಎಂದು ಕೂಗಿದೆ.

"ಕೊಟ್ಟೇನ್ರಿ ಅಕ್ಕಾರ. ಬರ್ತಿದ್ದಂಗ ಕೊಟ್ಟೇನಿ. ಮೊದಲ ಎಷ್ಟ ಕೊಡ್ತಿದ್ನೋ ಅಷ್ಟೂ." ತಪ್ಪನ್ನು ಸರಿಪಡಿಸಿದ್ದೇನೆ, ಇನ್ನು ಬೈಯಬೇಡಿ ಎನ್ನುವ ಹಾಗಿತ್ತು ಅವಳ ಮುಖ.

ಅವರ ಖೋಲಿ, ಒಂದೇ ಕೋಣೆಯ ಮನೆ, ಕಾರ್ಖಾನೆಯ ಗೋಡೆಗೇ ಹತ್ತಿಕೊಂಡಿತ್ತು. ಬಾಗಿಲು ತೆರೆದೇ ಇತ್ತು. ಅವನು ನೆಲದ ಮೇಲೆ ಹಾಸಿದ ಕೌದಿಯಲ್ಲಿ ಮಲಗಿದ್ದ. ಎಬ್ಬಿಸಬೇಡಿ ಎಂದಿದ್ದ ಡಾಕ್ಟರ ಮಾತು ನನ್ನ ಬಾಯಲ್ಲೇ ಇತ್ತು. "ಏಳಬ್ಯಾಡ್ರಿ ತಮ್ಮಾ, ಹಂಗ ಮಲಗ್ರಿ," ಎಂದೆ. ಮಗ್ಗಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲವೋ, ಕಿವಿಯ ನೂಲು ಅಡ್ಡ ಬಂತೋ. ಮನೆಗೆ ಬಂದವರನ್ನು ಕಂಡು ಏಳಬೇಕೆಂಬ ರೀತಿ ಮಾತ್ರ ಅವನಿಗೆ ಮರೆತಿರಲಿಲ್ಲ. "ಬರ್ರಿ ಅಕ್ಕಾರ," ಎನ್ನುತ್ತ ಗೋಡೆ ಹಿಡಿದು ಎದ್ದು ನಿಂತ. ನಿಂತವನ ಕಣ್ಣು ಮೇಲಕ್ಕೆ ಹೋದವು. ಮೊಣಕಾಲು ಮಡಚಿ, ತಲೆಯ ಒಂದು ಪಕ್ಕ ಮೂಲೆಯ ಬಚ್ಚಲ ಕಟ್ಟೆಗೆ ಬಡಿದು, ಬಿದ್ದ.

ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳ ಬಾಯಿ ತೆರೆದಿತ್ತು. ಕೂಗಿದಳೋ ಇಲ್ಲವೋ ನನಗೆ ಕೇಳಿಸಲಿಲ್ಲ.

ನಾಡಿ ಹಿಡಿದೆ. ನಿಧಾನವಾಗಿತ್ತು, ದಾರದ ಎಳೆಯಷ್ಟು ಸಣ್ಣಗಿತ್ತು. ಮೂಲೆಯಲ್ಲಿದ್ದ ಕಾಂಡಿ ತುಂಬಿದ ಚೀಲ ಎಳೆದು ಅವನ ಕಾಲುಗಳನ್ನು ಅದರ ಮೇಲೆ ಎತ್ತಿಟ್ಟೆ, ತಲೆ ಕೆಳಗೇ ಇರಲೆಂದು. ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿದೆ. ಪಕ್ಕದ ಮಗ್ಗದವರಿಬ್ಬರು ಬಂದರು. "ತಲೆ ಎತ್ತಬ್ಯಾಡ್ರಿ, ಅಡ್ಡ ಹಿಡೀರಿ," ಎಂದು ಮತ್ತೆ ಮತ್ತೆ ಹೇಳುತ್ತ ರಿಕ್ಷಾದವರೆಗೆ ಹೊತ್ತು ತಂದೆವು. ಸೀಟಿನ ಮೇಲೆ ಅವನನ್ನು ಅಡ್ಡ ಮಲಗಿಸಿ, ತಲೆಯ ಕಡೆ ನಾನು ನೆಲದಲ್ಲಿ ಕೂತೆ. ಕಾಲು ತಾಯಿಯ ತೊಡೆಯ ಮೇಲಿದ್ದವು. ದಾರಿಯುದ್ದಕ್ಕೂ ಅವಳು ಅವನ ಪಾದ ತಿಕ್ಕುತ್ತಿದ್ದಳು.

ಆಸ್ಪತ್ರೆಯಲ್ಲಿ ಮೊದಲ ಸಲ ರಕ್ತದೊತ್ತಡ ಯಂತ್ರಕ್ಕೆ ಸಿಗಲಿಲ್ಲ. ಎರಡನೆಯ ಸಲ ಸಿಕ್ಕ ಅಂಕಿ ನೋಡಿ ನರ್ಸ್ ಯಾರಿಗೂ ಏನೂ ಹೇಳದೆ ಓಡಿದಳು. ಸಲೈನ್ ಹಚ್ಚಿದರು, ಎದೆಗೆ ತಂತಿ ಅಂಟಿಸಿದರು. ಡಾಕ್ಟರು ಮೇಲಿನಿಂದ ಇಳಿದು ಬಂದು ಮಂಚದ ಪಕ್ಕದಲ್ಲೇ ನಿಂತರು. ಆ ದಿನ ಮೇಲೆ ಕೂತವರನ್ನೆಲ್ಲ ಮುಂದಿನ ವಾರಕ್ಕೆ ಬರಲು ಹೇಳಿ ಕಳಿಸಬೇಕಾಯಿತು.

ಹೊರಗಿನ ಓಣಿಯಂಥ ಜಾಗದಲ್ಲಿ ತಾಯಿ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ನಾನು ಕೇಳುವ ಮುಂಚೆಯೇ ಹೇಳಿದಳು.

"ಹೋದ ಸಲ ದೊಡ್ಡವರ ಮುಂದ ನಿಂದ್ರೂದು ಅಂತ ಜಳಕಾ ಮಾಡ್ಸಿ, ಗಡ್ಡಾ ತೆಗಿಸಿ, ಇಸ್ತ್ರಿ ಅಂಗಿ ಹಾಕ್ಸಿ ಕರಕೊಂಡ ಹೋಗಿದ್ನ್ರಿ. ಹೆಸರ ಕೇಳಿದ್ರ ಹಿಂಗ ಹೇಳಪಾ ಅಂತ ಹಾದಿಗುಂಟ ಕಲಿಸಿದ್ನಿ. ಚಲೋತಂಗ ಹೇಳಿದ. ನನಗ ಭಾಳ ಖುಷಿ ಆಗಿತ್ತು. ಆಮ್ಯಾಲ ನೋಡಿದ್ರ ಪಗಾರ ಬಂದ್. ಮತ್ತ ಅರ್ಜಿ ಹಾಕಾಕ ಇಲ್ಲಿ ಬಂದ ಕೇಳಿದ್ರ ಆ ಗೇಟಿನ ಏಜಂಟ ನಕ್ಕ. ಮಗನ್ನ ಹುಷಾರ್ ಮಾಡಿ ತಂದ್ರ ಯಾರ ಕೊಡ್ತಾರ ಆಯೀ ಅಂದ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮತ್ತೆ ಹೇಳಿದಳು. "ಹಿಂದಕ ಒಮ್ಮೆ ಗುಳಗಿ ತಪ್ಪಿದಾಗ ಜಯಸಿಂಗಪುರದಾಗ ರೈಲಿನ ಪಟ್ರಿ ಮ್ಯಾಲ ಕುಂತಿದ್ದ. ಗೊತ್ತಿತ್ರಿ ನನಗ. ಗೊತ್ತಿದ್ದ ಬಂದ್ ಮಾಡಿದ್ನಿ. ದಿನಾ ರಾತ್ರಿ ನನ್ನ ಸೆರಗಿಗೆ ಅಂವನ ಕೈ ಕಟ್ಕೊಂಡ ಮಲಗೇನಿ. ಇನ್ನೇನ ನಾಕ ದಿವಸ, ಇನ್ನೇನ ಎರಡ ದಿವಸ ಅಂತ."

ಯಾವ ಗಾಡಿ ಎಂದು ಬೆಳಿಗ್ಗೆ ನಾನು ಅವನನ್ನು ಕೇಳಿದ್ದೆ.

ಅವನು ಬದುಕಿದ. ತಲೆಗೆ ಹೊಲಿಗೆ ಬಿದ್ದವು. ಮರುದಿನದಿಂದ ಅತಿ ಚಿಕ್ಕ ಗುಳಿಗೆಯ ಅರ್ಧ, ಅದು ಒಗ್ಗಿದ ಮೇಲೆ ಇಡೀದು, ಹೀಗೆ ಮೆಲ್ಲಗೆ ಏರಿಸುತ್ತ ಹೋದರು. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ರಕ್ತದೊತ್ತಡ, ವಾರವಾರ ರಕ್ತ. ಮನೆಗೆ ಕಳಿಸಿದ ಮೇಲೂ ಅಷ್ಟೇ ಎಚ್ಚರ. ಮಗ್ಗಗಳು ಮಾತು ನಿಲ್ಲಿಸಲು ಬಹಳ ದಿನ ಹಿಡಿಯಿತು. ಅರ್ಜಿ ಮಾತ್ರ ನಿರ್ಣಯವಿಲ್ಲದೆ ಡಾಕ್ಟರ ಮೇಜಿನಲ್ಲೇ ಇತ್ತು.

"ಹಳೆಯ ಪ್ರಮಾಣಕ್ಕೆ ಬಂದ ಮೇಲೆ ನೀವೇ ಮನೆಗೆ ಹೋಗಿ ನೋಡಿ ಬನ್ನಿ. ಅವನ ಒಳ್ಳೆಯ ದಿನ ಹೇಗಿರುತ್ತದೆ ಎಂದು ನನಗೆ ಬೇಕು," ಎಂದರು ಡಾಕ್ಟರು.

ಒಳ್ಳೆಯ ದಿನ ಎಂದು ತಾಯಿಯೇ ಹೇಳಿದ ಒಂದು ಬೆಳಿಗ್ಗೆ ಹೋದೆ. ಅವನು ತಲೆ ಬಾಚಿಕೊಂಡು, ಬಿಳಿ ಅಂಗಿ ತೊಟ್ಟು ಕೂತಿದ್ದ. "ಬರ್ರಿ ಅಕ್ಕಾರ," ಎಂದ. ಹೆಸರು, ಊರು, ವಾರ ಎಲ್ಲ ಸರಿಯಾಗಿ ಹೇಳಿದ. ಆ ಕುರ್ಚಿಯಲ್ಲಿ ಹೀಗೆ ಕೂತಿದ್ದರೆ ನಾನೂ ಆರೇ ಹಾಕುತ್ತಿದ್ದೆನೇನೋ.

"ಜಳಕಾ ಯಾರ ಮಾಡ್ಸಿದ್ರು ತಮ್ಮಾ?"

"ಅವ್ವ."

"ತಲಿ ಬಾಚಿದ್ದು?"

"ಅವ್ವ."

"ಅವ್ವ ಇಲ್ದಿದ್ರ?"

ಅವನು ಯೋಚಿಸಿದ. "ಅವ್ವ ಇರ್ತಾಳಲ್ರಿ," ಎಂದ.

ಹಿಂದಿನ ತಂಡ ಕೇಳಿದ್ದು ಸ್ನಾನ ಆಗಿದೆಯೇ ಎಂದು. ಆಗಿತ್ತು, ಸೊನ್ನೆ ಬರೆದರು. ಯಾರು ಮಾಡಿಸಿದರು ಎಂದು ಕೇಳಿರಲಿಲ್ಲ. ತಾಯಿ ಮಾಡಿದ ಕೆಲಸಕ್ಕೆ ಮಗನ ಅಂಕ ಇಳಿದಿತ್ತು.

ಆದರೆ ಬಾಯಿಮಾತು ಡಾಕ್ಟರಿಗೆ ಸಾಲದು ಎಂದು ಗೊತ್ತಿತ್ತು. ಇನ್ನೊಂದು ದಿನ ಹೋದೆ. ಗುಳಿಗೆ ಎಂದಿನಂತೆ ಕೊಡಿ, ಬೇರೇನೂ ಮಾಡಬೇಡಿ, ಹೇಳಲೂ ಬೇಡಿ ಎಂದು ತಾಯಿಗೆ ಹೇಳಿ ಅವಳನ್ನು ಕಾಂಡಿ ಮಶೀನಿಗೆ ಕಳಿಸಿದೆ. ಖೋಲಿಯ ಬಾಗಿಲ ಹತ್ತಿರ ನಾನು ಕೂತೆ.

ಅವನು ಬಹಳ ಹೊತ್ತು ಮಲಗಿದ್ದ. ಆ ಗುಳಿಗೆಗೆ ನಿದ್ದೆ ಹೆಚ್ಚು, ಜೊಲ್ಲು ಹೆಚ್ಚು, ದಿಂಬು ತೊಯ್ದಿತ್ತು. ಎದ್ದ ಮೇಲೆ ಕೌದಿಯ ಮೇಲೇ ಕೂತ. ಮುಖ ತೊಳೆಯಲಿಲ್ಲ. ಕೈಗೆ ಎಟುಕುವಷ್ಟು ದೂರದಲ್ಲಿ ರೊಟ್ಟಿ ಮುಚ್ಚಿಟ್ಟಿತ್ತು. ಅದನ್ನು ನೋಡಿದ, ಮತ್ತೆ ಗೋಡೆ ನೋಡಿದ. ಬಿಸಿಲು ಹೊಸ್ತಿಲು ದಾಟಿತು. ಅವನು ಹಸಿದಿದ್ದಾನೆ ಎಂದು ನನಗೆ ಗೊತ್ತಿತ್ತು, ಆದರೂ ಉಣ್ಣು ಎನ್ನುವ ಹಾಗಿರಲಿಲ್ಲ. ಆಗ ಅವನು ಎದ್ದು ನೀರಿನ ಕೊಡದ ಕಡೆ ನಡೆದ. ತಂಬಿಗೆ ಎತ್ತಿಕೊಂಡ. ಒಂದು ತಂಬಿಗೆ ನೀರು ತಾನೇ ತುಂಬಿಕೊಂಡರೆ ಒಂದು ಅಂಕ ಕಡಿಮೆ. ಮಾಡದಿರಲಿ, ಮಾಡದಿರಲಿ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅವನು ಖಾಲಿ ತಂಬಿಗೆ ಹಿಡಿದು ಅಲ್ಲೇ ನಿಂತ, ಯಾಕೆ ಬಂದೆ ಎಂಬುದು ಮರೆತವರ ಹಾಗೆ. ಆಮೇಲೆ ಅದನ್ನು ಕೆಳಗಿಟ್ಟು ವಾಪಸ್ಸು ಬಂದು ಕೂತ.

ನನಗೆ ಸಮಾಧಾನವಾಯಿತು. ಆ ಸಮಾಧಾನವೇ ಮರುಕ್ಷಣ ಹೆದರಿಸಿತು. ಅವನ ತಾಯಿ ಅಷ್ಟು ದಿನ ಗುಳಿಗೆ ಮುಚ್ಚಿಟ್ಟು ಕಾದದ್ದು ಇದನ್ನೇ. ನಾನು ಗುಳಿಗೆಯ ಬದಲು ಒಂದು ಮಾತನ್ನು ಮುಚ್ಚಿಟ್ಟು ಕಾಯುತ್ತಿದ್ದೆ. "ಉಣ್ರಿ ತಮ್ಮಾ," ಎಂದೆ. ತಕ್ಷಣ ರೊಟ್ಟಿ ಎಳೆದುಕೊಂಡು ಪೂರ್ತಿ ಉಂಡ.

ಮಧ್ಯಾಹ್ನ ಕಾರ್ಖಾನೆಯ ಒಳಗೆ ಕರೆದುಕೊಂಡು ಹೋದೆ. ಹಿಂದೆ ಅವನು ನಾಲ್ಕು ಮಗ್ಗ ಒಬ್ಬನೇ ನೋಡಿಕೊಳ್ಳುತ್ತಿದ್ದನಂತೆ. ನಿಲ್ಲಿಸಿದ್ದ ಒಂದು ಮಗ್ಗದಲ್ಲಿ ಹರಿದ ಎಳೆಯನ್ನು ಗಂಟು ಹಾಕಲು ಅಲ್ಲಿಯ ಕೆಲಸದವರು ಹೇಳಿದರು. ಬೆರಳು ನಡುಗುತ್ತಿದ್ದವು, ಆದರೂ ಗಂಟು ಬಿತ್ತು. ಎರಡನೆಯ ಎಳೆಗೆ ಕೈ ಹಾಕಿದವನು ಅದನ್ನು ಹಿಡಿದೇ ನಿಂತ. ಬೇರೆಯವರು ಬಂದು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡರು.

ಮೈ ನೋಡಿಕೊಳ್ಳುವುದಕ್ಕೆ ಎರಡು, ಒಡನಾಟಕ್ಕೆ ಒಂದು, ಮಾತಿಗೆ ಒಂದು, ಕೆಲಸಕ್ಕೆ ಮೂರು, ಕಾಯಿಲೆಯ ವರ್ಷಗಳಿಗೆ ಮೂರು. ಗುಳಿಗೆ ತಗೊಂಡು, ಒಳ್ಳೆಯ ದಿನ, ಹತ್ತು. ಗುಳಿಗೆ ನಿಲ್ಲಿಸುವ ಅಗತ್ಯವೇ ಇರಲಿಲ್ಲ.

ವರದಿ ಬರೆಯುವಾಗ ಕಷ್ಟದ ಜಾಗ ಒಂದೇ. ತಾಯಿ ಔಷಧ ನಿಲ್ಲಿಸಿದ್ದನ್ನು ಬರೆಯಬೇಕೇ? ಬರೆದರೆ, ಮೋಸದಿಂದ ಪ್ರಮಾಣಪತ್ರ ಪಡೆಯಲು ನೋಡಿದರು ಎಂದು ಮುಂದೆ ಯಾರಾದರೂ ಓದಬಹುದು. ಅವಳ ಮೇಲೆ ಕೇಸೂ ಆಗಬಹುದು. ಬರೆಯದಿದ್ದರೆ ಮುಂದಿನ ಡಾಕ್ಟರಿಗೆ ಇವನು ಯಾಕೆ ಬಿದ್ದ ಎಂಬುದೇ ತಿಳಿಯುವುದಿಲ್ಲ. ಇನ್ನೊಬ್ಬರು ಹೀಗೇ ಬೀಳುತ್ತಾರೆ. ಎರಡು ದಿನ ಬರೆದು ಹರಿದೆ. ಕೊನೆಗೆ ಬರೆದೆ: ಹಿಂದಿನ ತಪಾಸಣೆಯಲ್ಲಿ ತಾಯಿ ಮಾಡಿಕೊಡುವ ಆರೈಕೆಯನ್ನು ರೋಗಿಯ ಸಾಮರ್ಥ್ಯವೆಂದು ಎಣಿಸಿದ್ದರಿಂದ ನೆರವು ನಿಂತಿತು, ಆ ಭಯದಿಂದ ತಾಯಿ ಈ ತಪಾಸಣೆಗೆ ಮುಂಚೆ ಔಷಧ ನಿಲ್ಲಿಸಿದರು, ರೋಗಿಯ ಜೀವಕ್ಕೆ ಅಪಾಯವಾಯಿತು, ಈ ಅಂಕಗಳು ಔಷಧ ಪೂರ್ತಿ ನಡೆಯುತ್ತಿರುವಾಗ ಹಾಕಿದವು.

ಡಾಕ್ಟರು ಎರಡು ಸಲ ಓದಿದರು. "ಹಿಂದಿನ ತಂಡದ ತಪ್ಪನ್ನೂ ಬರೆದಿದ್ದೀರಿ. ನಿಮ್ಮ ಗುತ್ತಿಗೆ ಮುಂದುವರಿಯುವುದು ಕಷ್ಟವಾಗಬಹುದು."

"ಗೊತ್ತಿದೆ ಸರ್."

ಪೆನ್ನು ಒಂದು ಗಳಿಗೆ ಮೇಲೆ ನಿಂತಿತು. ಸಹಿ ಮಾಡಿದರು. ಕಾಯಂ ಪ್ರಮಾಣಪತ್ರ ಕೊಡಿ ಎಂದು ಕೇಳಿದ್ದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. "ಇನ್ನೂ ವಯಸ್ಸಿದೆ. ಸುಧಾರಿಸಬಾರದು ಎಂದು ನಾನೇ ಬರೆದುಕೊಡಲೇ?" ಎಂದರು. ಅವರ ಮಾತೂ ಸುಳ್ಳಲ್ಲ.

ಪ್ರಮಾಣಪತ್ರ ಕೊಟ್ಟ ದಿನ ತಾಯಿ ಅದನ್ನು ಓದಿಸಿಕೊಂಡಳು. ಕೆಳಗಿನ ಸಾಲಿಗೆ ಬಂದಾಗ ತಡೆದಳು. "ಮತ್ತ ತಪಾಸಣಿ ಐತೇನ್ರಿ?"

"ಐತ್ರಿ ಅವ್ವಾರ. ಆದ್ರ ಗುಳಗಿ ಒಂದ ದಿನಾನೂ ತಪ್ಪಿಸಬ್ಯಾಡ್ರಿ. ಏನ ಐತಿ, ಹಂಗ ಹೇಳ್ರಿ. ಜಳಕಾ ನಾ ಮಾಡಸ್ತೇನಿ ಅನ್ರಿ."

"ಆವಾಗ ನೀವ ಇರ್ತೀರೇನ್ರಿ ಅಕ್ಕಾರ?"

"ನನ್ನ ಗುತ್ತಿಗಿ ಇದ್ರ ಇರ್ತೇನ್ರಿ," ಎಂದೆ. ಅವಳು ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಮಗನ ತೋಳು ಹಿಡಿದು ಇಳಿದು ಹೋದಳು.

ಇಂಥದೇ ತಪಾಸಣೆಯ ಮುಂದಿನ ಶಿಬಿರ ನನ್ನೂರು ಗಡಹಿಂಗ್ಲಜದಲ್ಲಿತ್ತು. ಹೆಸರು ಕೇಳುವುದಕ್ಕೂ ಮುಂಚೆ ಗುಳಿಗೆ ಕೇಳಬೇಕೆಂದು ನಿಶ್ಚಯ ಮಾಡಿಕೊಂಡಿದ್ದೆ. ಮೊದಲು ಒಳಗೆ ಬಂದವರು ಗಂಡ ಹೆಂಡತಿ. ಗಂಡ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೆಂಡತಿ ಗೋಡೆಯ ಕಡೆ ತಿರುಗಿ ಕೂತಿದ್ದರು. ಅವರ ತುಟಿ ಮೆಲ್ಲಗೆ ಅಲುಗುತ್ತಿತ್ತು.

"ಯಜಮಾನರ, ಇವರಿಗೆ ಕಡೀಕ ಗುಳಗಿ ಎಂದ ಕೊಟ್ರಿ?" ಎಂದು ಕೇಳಿದೆ.

ಅವರು ಹೆಂಡತಿಯನ್ನು ನೋಡಿದರು, ಬಾಗಿಲು ನೋಡಿದರು. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಸಣ್ಣ ದನಿಯಲ್ಲಿ ಹೇಳಿದರು:

"ಎಂದ ಕೊಟ್ಟೇನಿ ಅಂದ್ರ ಪಗಾರ ಸಿಗತೈತ್ರಿ ಅಕ್ಕಾರ? ಅದನ್ನ ನೀವ ಹೇಳ್ರಿ, ನಾ ಹೂಂ ಅಂತೇನಿ."